ಬೆಟ್ಟದ ಮೇಲಿನ ಸೌತೆಕಾಯಿ

ಸೌತೆಕಾಯಿಯ ತೊಟ್ಟಿನ ಕಡೆ ಒಂದು ಬಿಲ್ಲೆ ಕತ್ತರಿಸಿ, ಅದನ್ನೇ ಕಾಯಿಯ ಮೇಲಿಟ್ಟು ಉಜ್ಜಿ, ಬಿಳಿ ನೊರೆ ಬರಿಸಿ ಕಹಿ ತೆಗೆಯುವ ಅಭ್ಯಾಸ ನಿಮ್ಮ ಮನೆಯಲ್ಲೂ ಇರಬಹುದು. ನೈರೋಬಿಯ ಸೌತೆಕಾಯಿಗೆ ಕಹಿಯೇ ಇಲ್ಲ. ಆದರೂ ಉಜ್ಜುತ್ತೇನೆ, ಕೈ ಕೇಳಬೇಕಲ್ಲ. ಇವತ್ತು ಬೆಳಿಗ್ಗೆ ಕಿಲಿಮಾನಿ ಬಡಾವಣೆಯ ನಮ್ಮ ಅಡುಗೆಮನೆಯಲ್ಲಿ ಹಾಗೆ ಉಜ್ಜುತ್ತಿದ್ದಾಗ ಆ ಹಸಿ ವಾಸನೆ ಮೂಗಿಗೆ ಬಡಿದು ಕೊರಿಯಾ ನೆನಪಾಯಿತು. ಕೊರಿಯಾಕ್ಕೆ ಹೋಗಿದ್ದು ನಾನಲ್ಲ, ಮೊದಲೇ ಹೇಳಿಬಿಡುತ್ತೇನೆ. ಹೋಗಿದ್ದು ನನ್ನ ಗಂಡ. ಹೊಟ್ಟೆ ಉರಿಸಿಕೊಂಡಿದ್ದು ಮಾತ್ರ ನಾನು.

ಆಗ ನಾವು ಬೆಂಗಳೂರಿನಿಂದ ಇಲ್ಲಿಗೆ ಬಂದ ಹೊಸದು. ಟೆಲಿಕಾಂ ಕಂಪನಿಯವರು ಅವರನ್ನು ಟ್ರೇನಿಂಗಿಗೆಂದು ಕೊರಿಯಾದ ಬುಸಾನ್‌ಗೆ ಕಳಿಸಿದರು. ಒಂದು ಶನಿವಾರ ಅಲ್ಲಿನ ಸಹೋದ್ಯೋಗಿಯೊಬ್ಬರು ಅವರನ್ನು ಬೆಟ್ಟ ಹತ್ತಿಸಿ, ದೇವಸ್ಥಾನ ತೋರಿಸಿ, ಸಂಜೆಯವರೆಗೆ ಸಮುದ್ರದ ಪಕ್ಕದ ರಸ್ತೆಯಲ್ಲಿ ಕಾರಿನಲ್ಲಿ ಸುತ್ತಿಸಿದರಂತೆ. ಅದೇ ಶನಿವಾರ ನಾನು ಇಲ್ಲಿ ಬಾಲ್ಕನಿಯಲ್ಲಿ ನಿಂತು ನೀರಿನ ಲಾರಿ ಕಾಯುತ್ತಿದ್ದೆ. ನಲ್ಲಿ ಒಣಗಿತ್ತು. ಫೋನಿಗೆ ಫೋಟೋ ಮೇಲೆ ಫೋಟೋ ಬರುತ್ತಿತ್ತು: ನೀಲಿ ಸಮುದ್ರ, ಮತ್ತೂ ನೀಲಿ ಸಮುದ್ರ. ಮನೆಗೆ ನೀರು ಬಂತಾ ಅಂತ ಒಂದು ಮಾತು ಕೇಳಲಿಲ್ಲ ಮಹಾನುಭಾವರು.

ಸಮುದ್ರವನ್ನಾದರೂ ಕ್ಷಮಿಸಬಹುದಿತ್ತು. ತಡೆಯಲಾಗದ್ದು ವಾಪಸ್ ಬಂದ ಮೇಲೆ ಅವರು ಹೇಳಿದ ಕಥೆ. ಈ ಮನುಷ್ಯ ಇಲ್ಲಿ ಮೂಲೆಯ ಅಂಗಡಿಗೂ ಟ್ಯಾಕ್ಸಿ ಕರೆಸುವವರು. ನ್ಗಾಂಗ್ ಬೆಟ್ಟಕ್ಕೆ ಹೋಗೋಣ ರೀ ಅಂದರೆ, "ಸೇಫ್ಟಿ ಇಲ್ಲ ಕಣೆ, ಮಂಡಿ ನೋವು ಬೇರೆ" ಅನ್ನುವವರು. ಅಲ್ಲಿ ಆಫೀಸ್ ಶೂನಲ್ಲೇ ಬೆಟ್ಟ ಹತ್ತಿದರಂತೆ! ಇಲ್ಲಿ ಮಂಗಳಾರತಿಗೆ ಕರೆದರೂ ಚಪ್ಪಲಿ ಬಿಡುವ ಜಾಗದಲ್ಲೇ ಫೋನು ನೋಡುತ್ತಾ ನಿಲ್ಲುವವರು, ಅಲ್ಲಿ ಬುದ್ಧನ ಮುಂದೆ ಮಂಡಿಯೂರಿ, ಹಣೆ ನೆಲಕ್ಕೆ ಮುಟ್ಟಿಸಿ, ಆ ಊರಿನ ಪದ್ಧತಿಯಂತೆ ಮೂರು ಸಲ ನಮಸ್ಕಾರ ಹಾಕಿದರಂತೆ. ಮಂಡಿ ನೋವು ಆಗ ಎಲ್ಲಿಗೆ ಹೋಗಿತ್ತು?

ಇದಕ್ಕೆಲ್ಲ ಕಿರೀಟ ಇಟ್ಟದ್ದು ಸೌತೆಕಾಯಿ. ಕೊರಿಯಾದಲ್ಲಿ ಬೆಟ್ಟ ಹತ್ತುವವರು ಬಾಯಾರಿಕೆಗೆಂದು ಚೀಲದಲ್ಲಿ ಸೌತೆಕಾಯಿ ಇಟ್ಟುಕೊಂಡಿರುತ್ತಾರಂತೆ. ತುದಿಯಲ್ಲಿ ಕುಳಿತು ಗುರುತಿಲ್ಲದವರಿಗೂ ಮುರಿದು ಕೊಡುತ್ತಾರಂತೆ. ಬಣ್ಣದ ಜಾಕೆಟ್ಟಿನ ಯಾರೋ ಹೆಂಗಸು ಇವರಿಗೂ ಅರ್ಧ ಕೊಟ್ಟಳು. "ಅಷ್ಟು ರುಚಿಯಾದದ್ದು ಜನ್ಮದಲ್ಲಿ ತಿಂದಿಲ್ಲ ಕಣೆ" ಅಂತ ಕಣ್ಣು ಮುಚ್ಚಿ ಹೇಳಿದರು. ನಾನು ಮಾಡಿದ ಕೋಸಂಬರಿಯಿಂದ ಸೌತೆಕಾಯಿಯನ್ನು ಆರಿಸಿ ಆರಿಸಿ ತಟ್ಟೆಯಂಚಿಗೆ ಇಡುವ ಮನುಷ್ಯ ಇವರೇ! ಹೆಸರು ಗೊತ್ತಿಲ್ಲದ, ಮುಖ ನೋಡದ ಆ ಹೆಂಗಸಿನ ಮೇಲೆ ನನಗೆ ಎಂಥ ಹೊಟ್ಟೆಕಿಚ್ಚು ಅಂತೀರಿ. ಅವತ್ತು ನಾನು ಈರುಳ್ಳಿ ಹೆಚ್ಚುವ ಸದ್ದು ಕೇಳಿ ಮಗಳು, "ಅಮ್ಮಾ, ಆರ್ ಯೂ ಆಂಗ್ರಿ ವಿತ್ ದಿ ಆನಿಯನ್?" ಅಂದಳು.

ನಿಜ ಹೇಳಲೇ? ನನಗೆ ಬೇಕಿದ್ದದ್ದು ಕೊರಿಯಾ ಅಲ್ಲ. ಅಲ್ಲಿಗೆ ಹೋಗಿದ್ದ ಆ ಗಂಡ ಬೇಕಿತ್ತು. ಹತ್ತುವ, ಬಾಗುವ, ಕೊಟ್ಟಿದ್ದನ್ನು ತಿನ್ನುವ ಆ ಮನುಷ್ಯನ ಜೊತೆ ನನಗೂ ಒಂದು ದಿನ ಬೇಕಿತ್ತು. ಮನೆಗೆ ಮಾತ್ರ ಹಳೆಯವರೇ ವಾಪಸ್ ಬಂದಿದ್ದರು.

ಯಾರ ಮನೆಗೆ ಊಟಕ್ಕೆ ಹೋದರೂ ಅವರದು ಇದೇ ಕಥೆ. ಇಲ್ಲೇ ಪಂಗಾನಿ ಬಡಾವಣೆಯಲ್ಲಿದ್ದ ನನ್ನ ಮಂಗಳೂರಿನ ಗೆಳತಿ ಲವೀನಾಳ ಮನೆಯಲ್ಲಿ, ಅವರ ಕಥೆಯ ಕಾರು ಸಮುದ್ರದ ರಸ್ತೆಗೆ ಬರುವಷ್ಟರಲ್ಲಿ, "ಆಮೇಲೆ ಕಿಟಕಿ ಇಳಿಸಿದರು, ಉಪ್ಪು ಗಾಳಿ ಬಂತು" ಅಂತ ನಾನೇ ಮುಗಿಸಿಬಿಟ್ಟೆ. ಲವೀನಾ ನನ್ನ ಮುಖ ನೋಡಿದಳು. ಒಳಗೆ ಕರೆದು, "ನಿನ್ನ ಗಂಡ ಬರದಿದ್ರೆ ಗುಡ್ಡ ಎಂತ ಓಡಿ ಹೋಗ್ತದಾ? ಶನಿವಾರ ನಾವಿಬ್ರೇ ಹೋಗುವ ಮಾರಾಯ್ತಿ" ಅಂದಳು.

ಹೋದೆವು. ನ್ಗಾಂಗ್ ಬೆಟ್ಟದ ಗಾಳಿಯಂತ್ರಗಳ ಕೆಳಗೆ, ಕಾವಲಿಗೆ ಬಂದ ಅಸ್ಕಾರಿಯ ಹಿಂದೆ ಏದುಸಿರು ಬಿಡುತ್ತಾ ಹತ್ತಿದೆವು. ಹಟಕ್ಕೆಂದೇ ಸೌತೆಕಾಯಿ ಒಯ್ದಿದ್ದೆ. ತುದಿಯಲ್ಲಿ ಅದನ್ನು ಮುರಿದು ಲವೀನಾಗೆ, ಅಸ್ಕಾರಿಗೆ, ಪಕ್ಕದಲ್ಲಿ ಕುಳಿತಿದ್ದ ಅಪರಿಚಿತ ಹೆಂಗಸಿಗೂ ಕೊಟ್ಟೆ. ಆಕೆ "ಅಸಾಂಟೆ ಸಾನಾ" ಎಂದು ತನ್ನ ಭಾಷೆಯಲ್ಲಿ ಥ್ಯಾಂಕ್ಸ್ ಹೇಳಿ ನಕ್ಕು ತನ್ನ ಸುಟ್ಟ ಜೋಳದಲ್ಲಿ ಅರ್ಧ ಮುರಿದು ಕೊಟ್ಟಳು. ಕೆಳಗೆ ಕಣಿವೆ ಕಣ್ಣು ಹಾಯುವಷ್ಟು ದೂರ ಹರಡಿತ್ತು. ಇಳಿಯುವಾಗ ಥಟ್ಟನೆ ಹೊಳೆಯಿತು: ಹತ್ತತೊಡಗಿದಾಗಿನಿಂದ ಗಂಡನ ನೆನಪೇ ಆಗಿರಲಿಲ್ಲ. ಮನೆಗೆ ನೀರು ಬಂತಾ ಅಂತ ನಾನೂ ಕೇಳಿರಲಿಲ್ಲ. ಫೋನು ಚೀಲದ ತಳದಲ್ಲಿತ್ತು.

"ಎಷ್ಟು ಸಲ ಫೋನ್ ಮಾಡಿದೆ ಗೊತ್ತಾ?" ಅಂದರು ಮನೆಯಲ್ಲಿ. ಆಮೇಲೆ ಟಿವಿ ಕಡೆ ನೋಡುತ್ತಲೇ, "ಸೌತೆಕಾಯಿ ತಗೊಂಡು ಹೋಗಿದ್ಯಂತೆ, ಮಗಳು ಹೇಳಿದ್ಲು. ಯಾರಿಗೆ ಕೊಟ್ಟೆ?"

"ಯಾರಿಗೋ. ಗುರುತಿಲ್ಲ ರೀ."

"ಚೆನ್ನಾಗಿತ್ತಾ?"

"ಅಷ್ಟು ರುಚಿಯಾದದ್ದು ಜನ್ಮದಲ್ಲಿ ತಿಂದಿಲ್ಲ."

ಅವರು ಟಿವಿಯ ಸೌಂಡ್ ಜಾಸ್ತಿ ಮಾಡಿದರು. ಆ ಮುಖ ನನಗೆ ಚೆನ್ನಾಗಿ ಗೊತ್ತಿತ್ತು. ಅಷ್ಟು ದಿನ ಕನ್ನಡಿಯಲ್ಲಿ ನೋಡಿದ್ದೆ. ಸುಳ್ಳು ಯಾಕೆ, ನನಗೆ ಬಹಳ ಖುಷಿಯಾಯಿತು.

ಆಮೇಲೆ ಲವೀನಾ ಮತ್ತು ನಾನು ಎಷ್ಟೋ ಬೆಟ್ಟ ಹತ್ತಿದೆವು. ಅವರು ಒಮ್ಮೆಯೂ ಬರುತ್ತೇನೆ ಅನ್ನಲಿಲ್ಲ, ನಾನೂ ಕರೆಯುವುದು ಬಿಟ್ಟೆ. ಇವತ್ತು ಲವೀನಾ ಊರಲ್ಲಿಲ್ಲ. ಒಬ್ಬಳೇ ಹೊರಟು, ಸೌತೆಕಾಯಿ ಉಜ್ಜಿ ತೊಳೆದು ಚೀಲಕ್ಕೆ ಹಾಕುತ್ತಿದ್ದೆ. ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತ ಇವರು ಕೈ ಚಾಚಿದರು.

"ಒಂದು ಹೋಳು ಕೊಡೆ, ನೋಡೋಣ."

"ಇಲ್ಲಿ ಕೊಡಲ್ಲ," ಅಂದೆ, "ಮೇಲೆ ಬಂದ್ರೆ ಕೊಡ್ತೀನಿ."

ಚಾಚಿದ ಕೈ ಹಿಂದೆಗೆದುಕೊಂಡು ಹೋದರು. ನಾನು ಚೀಲದ ಜಿಪ್ ಎಳೆಯುತ್ತಿದ್ದಾಗ ಹಾಲ್‌ನಿಂದ ದನಿ ಬಂತು: "ಆಫೀಸ್ ಶೂ ಆದ್ರೆ ಆಗತ್ತಾ?"