ಬಾರದ ಲಾರಿಯ ಸದ್ದು

ಸಾಕ್ಷ್ಯಚಿತ್ರ ಮಾಡುವವರ ಬಳಗದಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಕಿವಿಯಣ್ಣ ಎಂದು. ಇಪ್ಪತ್ತೆರಡು ವರ್ಷದಿಂದ ಧ್ವನಿ ಹಿಡಿಯುವುದೇ ಕಸುಬು. ಗಣಿ, ಹೆರಿಗೆ ವಾರ್ಡು, ಹೆಣ ಕೊಯ್ಯುವ ಕೋಣೆ, ಎಲ್ಲಿಗೆ ಕರೆದರೂ ಹೆಡ್‌ಫೋನು ಕೊರಳಿಗೆ ಹಾಕಿಕೊಂಡು ಹೊರಟ. ಪಕ್ಕದ ಮನೆಯ ಫ್ರಿಜ್ಜು ಗುಂಯ್‌ಗುಟ್ಟಿದರೂ ಅವನಿಗೆ ಕೇಳಬೇಕು. ಹೆಂಡತಿ ಮಾತ್ರ, "ನಾನು ಕೂಗಿದ್ದೊಂದು ಬಿಟ್ಟು ಮಿಕ್ಕಿದ್ದೆಲ್ಲ ಕೇಳ್ಸತ್ತೆ ಈ ಮಹಾರಾಯರಿಗೆ" ಎನ್ನುತ್ತಿದ್ದಳು. ಜಂಬವೂ ಇತ್ತೆನ್ನಿ. ತನ್ನ ತಪ್ಪಿನಿಂದ ಯಾರೂ ಹೇಳಿದ್ದನ್ನೇ ಎರಡನೇ ಸಲ ಹೇಳಬೇಕಾಗಿ ಬಂದಿಲ್ಲ ಎಂದು ಹೇಳಿಕೊಂಡು ತಿರುಗುತ್ತಿದ್ದ.

ಆ ಸಲದ ಚಿತ್ರ ಬಸ್ ಡ್ರೈವರುಗಳದ್ದು. ನಿವೃತ್ತ ಡ್ರೈವರೊಬ್ಬರ ಮನೆಯ ಸಣ್ಣ ಹಜಾರದಲ್ಲಿ ನಿರ್ದೇಶಕಿ ಪ್ರಶ್ನೆ ಕೇಳುತ್ತಿದ್ದಳು. ಮುದುಕರ ಹೆಂಡತಿ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದರು. ಸಂಬಳ, ರಜೆ ಎಂದು ಮಾತಾಡುತ್ತಿದ್ದ ಮುದುಕರು ಇದ್ದಕ್ಕಿದ್ದಂತೆ, "ಬ್ರೇಕ್ ಹಿಡೀಲಿಲ್ಲ ಅಂತ ಹೇಳಿದ್ದು ಸುಳ್ಳು. ನನಗೆ ತೂಕಡಿಕೆ ಬಂದಿತ್ತು" ಎಂದುಬಿಟ್ಟರು.

ಹನ್ನೊಂದು ವರ್ಷದ ಹಿಂದೆ ಅವರ ಬಸ್ಸು ಗೋಡೆಗೆ ಗುದ್ದಿ ಕಂಡಕ್ಟರು ಸತ್ತಿದ್ದ. ತಪ್ಪನ್ನು ಮೆಕ್ಯಾನಿಕ್ಕನ ತಲೆಗೆ ಕಟ್ಟಿ ಅವನನ್ನು ಕೆಲಸದಿಂದ ಕಿತ್ತುಹಾಕಿದರು. ಇವರು ಬಾಯಿ ಹೊಲಿದುಕೊಂಡು ಕೂತರು. ಹೆಂಡತಿಗೂ ಈಗಲೇ ಗೊತ್ತಾದದ್ದು. ಮುದುಕರು ಗೊಳೋ ಎಂದು ಅತ್ತರು. ಹೆಡ್‌ಫೋನಿನಲ್ಲಿ ಒಂದೊಂದು ಬಿಕ್ಕೂ ಕೇಳಿ ಕಿವಿಯಣ್ಣನ ಕಣ್ಣೂ ತುಂಬಿತು.

ಕಣ್ಣೊರೆಸಿಕೊಂಡು ಧ್ವನಿ ಹಿಡಿಯುವ ಯಂತ್ರ ನೋಡುತ್ತಾನೆ, ಕೆಂಪು ದೀಪ ಮಿಣಮಿಣ ಅನ್ನುತ್ತಿದೆ! ಗುಂಡಿ ಒಮ್ಮೆ ಒತ್ತಿದರೆ ಯಂತ್ರ ಸಿದ್ಧವಾಗಿ ದೀಪ ಮಿಣುಕುತ್ತದೆ, ಮಾತೂ ಕೇಳಿಸುತ್ತದೆ. ದಾಖಲಾಗಬೇಕಾದರೆ ಇನ್ನೊಮ್ಮೆ ಒತ್ತಬೇಕು. ಅದನ್ನೇ ಮರೆತಿದ್ದ. ಮೊನ್ನೆ ಕೆಲಸಕ್ಕೆ ಸೇರಿದವನೂ ಮಾಡದ ತಪ್ಪು. ಮರೆತೆ ಎನ್ನಲೆಂದೇ ಬಾಯಿ ತೆರೆದ, ಬಂದ ಮಾತು ಬೇರೆ.

"ಹೊರಗಡೆ ಲಾರಿ ಹೋಯ್ತು ಸಾರ್, ಮಾತೆಲ್ಲ ಮುಚ್ಚೋಯ್ತು. ಇನ್ನೊಂದ್ಸಲ ಹೇಳ್ಬೇಕಾಗತ್ತೆ."

ನಿರ್ದೇಶಕಿ ಪಾಪ, ತನಗೆ ಕೇಳಿಸದಿದ್ದರೂ ಅವನ ಕಿವಿಯನ್ನು ನಂಬಿದಳು. ಮುದುಕರು ಅವನ ಮುಖವನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ಮೆಲ್ಲಗೆ, "ಆಗ ಅತ್ನಲ್ಲಾ, ಅಲ್ಲೇ ಅಳ್ಬೇಕಾ?" ಎಂದು ಕೇಳಿದರು.

ಥೂ, ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಅವನಿಗೆ. ಆದರೂ ನಿಜ ಹೇಳಲಿಲ್ಲ. ಗುಂಡಿಯನ್ನು ಇನ್ನೊಮ್ಮೆ ಒತ್ತಿದ. ಮುದುಕರು ಮೊದಲಿಂದ ಎಲ್ಲ ಹೇಳಿದರು. ಈ ಸಲ ಅಳು ಬರಲಿಲ್ಲ. ಅರ್ಧದಲ್ಲೇ ಹೆಂಡತಿ ಒಳಗೆ ಹೋಗಿಬಿಟ್ಟರು.

ನಿರ್ದೇಶಕಿ ಫೋನು ಬಂತೆಂದು ಹೊರಗೆ ಹೋದಳು. ಕಿವಿಯಣ್ಣ ಬಗ್ಗಿ ಮುದುಕರ ಅಂಗಿಯಿಂದ ಮೈಕು ಬಿಚ್ಚತೊಡಗಿದ.

"ಮೂವತ್ತು ವರ್ಷ ಗಾಡಿ ಓಡಿಸಿದೋನಪ್ಪಾ ನಾನು," ಎಂದರು ಅವರು ಪಿಸುಮಾತಿನಲ್ಲಿ. "ಲಾರಿ ಬಂದ್ರೆ ನನಗೆ ಗೊತ್ತಾಗಲ್ವಾ?"

ಕಿವಿಯಣ್ಣ ಮೈಕು ಬಿಚ್ಚುವುದನ್ನು ಅಲ್ಲಿಗೇ ಬಿಟ್ಟ. "ಸಾರ್..."

"ಇರ್ಲಿ ಬಿಡಿ. ನನಗೆ ಬಾಯಿ ಬಿಡೋಕೆ ಹನ್ನೊಂದು ವರ್ಷ ಹಿಡೀತು. ನೀವು ಅಷ್ಟು ದಿನ ಇಟ್ಕೋಬೇಡಿ."

ತಲೆಯೆತ್ತಲಾಗದೆ ಅವನು ಯಂತ್ರದ ಕಡೆ ನೋಡಿದ. ಕೆಂಪು ದೀಪ ಮಿಣುಕದೆ ಉರಿಯುತ್ತಿತ್ತು. ಈ ಮಾತೂ ದಾಖಲಾಗಿತ್ತು. ಅಳಿಸಲು ಅರೆಗಳಿಗೆ ಸಾಕಿತ್ತು.

"ಈ ಸಲ ಸರಿಯಾಗಿ ಬಂತಾ?" ಎನ್ನುತ್ತ ಒಳಬಂದ ನಿರ್ದೇಶಕಿ ಕೈ ಚಾಚಿದಳು. ಬಾಯಲ್ಲಿ ಹೇಳುವ ಧೈರ್ಯ ಅವನಿಗೆ ಆಗಲೂ ಬರಲಿಲ್ಲ. ಯಂತ್ರ ನಿಲ್ಲಿಸಿ, ಧ್ವನಿ ದಾಖಲಾಗಿದ್ದ ಕಾರ್ಡು ತೆಗೆದು ಅವಳ ಅಂಗೈಯಲ್ಲಿಟ್ಟ.

"ಬಂತು ಮೇಡಂ," ಎಂದ ನೆಲ ನೋಡುತ್ತ. "ಕೊನೇವರೆಗೂ ಕೇಳಿ."