ಬಾರಿಸದ ನಾಲ್ಕು ಮಾತ್ರೆ

1996 ನವೆಂಬರ್ 8, ಶುಕ್ರವಾರ, ಸಂಜೆ ನಾಲ್ಕು ಗಂಟೆ. ಸ್ಥಳ, ಕೊಲ್ಲಿ ದೇಶದ ವಿಮಾನ ನಿಲ್ದಾಣದ ಹತ್ತಿರದ ಅಲ್ ಥುಮಾಮಾದಲ್ಲಿ ಒಬ್ಬ ಫ್ರೆಂಚ್ ಎಂಜಿನಿಯರನ ವಿಲ್ಲಾ. ಹಾಜರಿದ್ದವರು ನಾಲ್ವರು: ಚೆಲ್ಲೋ ಬಾರಿಸುವ ಮನೆಯಾತ, ಪಿಯಾನೋಗೆ ಒಬ್ಬ ಜಪಾನಿ ಮಹಿಳೆ, ಪಿಟೀಲಿಗೆ ನಾನು, ಸೋಫಾದಲ್ಲಿ ಟೀ ಕುಡಿಯುತ್ತ ನನ್ನ ಹೆಂಡತಿ. ನನ್ನ ಡೈರಿಯಲ್ಲಿ ಹೀಗೇ ಇದೆ. ನಾಲ್ಕಕ್ಕೆ ಐದು ನಿಮಿಷ ಇರುವಾಗಲೇ ನಾನು ಶ್ರುತಿ ಮಾಡಿಕೊಂಡು ಕೂತಿದ್ದೆ. ಮನೆಯಾತ ಬಂದದ್ದು ನಾಲ್ಕೂ ಹತ್ತಕ್ಕೆ, ಅದೂ ತನ್ನದೇ ಮನೆಯ ಮಹಡಿಯಿಂದ.

ಮುಂದಿನ ಶುಕ್ರವಾರ ಅದೇ ಹಾಲ್‌ನಲ್ಲಿ ಪರಿಚಯದವರ ಮುಂದೆ ನಾವು ಮೂವರು ಬಾರಿಸಬೇಕಿತ್ತು. ಸುಮಾರು ನೂರು ವರ್ಷ ಹಿಂದೆ ಒಬ್ಬ ಫ್ರೆಂಚ್ ಸಂಗೀತಗಾರ ಬರೆದ ಕೃತಿ. ಆ ಕಾಲದ ಪ್ಯಾರಿಸ್ಸಿನವರಿಗೆ ಜಪಾನಿನ ಮರದಚ್ಚಿನ ಚಿತ್ರಗಳ ಹುಚ್ಚು ಹಿಡಿದಿತ್ತಂತೆ. ಸಂಗೀತಗಾರರೂ ಅವನ್ನು ಗೋಡೆಗೆ ತೂಗುಹಾಕಿಕೊಂಡರಂತೆ. ಚಿತ್ರಗಾರ ಕಾಗದವನ್ನು ಖಾಲಿ ಬಿಟ್ಟ ಹಾಗೆ ತಾವೂ ಸಂಗೀತದಲ್ಲಿ ಜಾಗ ಬಿಡಲು ಕಲಿತರಂತೆ. ಇದನ್ನೆಲ್ಲ ನನಗೆ ಹೇಳಿದವನು ಮನೆಯಾತನೇ. ನಮ್ಮ ಕೃತಿಯ ನಿಧಾನ ಭಾಗದಲ್ಲಿ ಮೂರೂ ವಾದ್ಯಗಳು ನಾಲ್ಕು ಮಾತ್ರೆ ಸುಮ್ಮನಿರುವ ಜಾಗ ಆರು ಕಡೆ ಇತ್ತು. ಜಗಳ ಹುಟ್ಟಿದ್ದು ಅಲ್ಲೇ.

ನಾನು ಪಿಟೀಲು ಕಲಿತದ್ದು ಮಂಗಳೂರಿನ ಒಂದು ಬೋರ್ಡಿಂಗ್ ಶಾಲೆಯಲ್ಲಿ. ಐದಕ್ಕೆ ಗಂಟೆ, ಐದೂ ಕಾಲಿಗೆ ಪ್ರಾರ್ಥನೆ, ಆರಕ್ಕೆ ಪಿಟೀಲು. ಕಲಿಸುತ್ತಿದ್ದ ಪಾದ್ರಿಗಳು ಬೆತ್ತದಿಂದ ಮೇಜು ಕುಟ್ಟುತ್ತಿದ್ದರು. ಬಾರಿಸದ ಮಾತ್ರೆಯೂ ಮಾತ್ರೆಯೇ, ಅದನ್ನು ನುಂಗಿದವನಿಗೆ ಬೆಳಗಿನ ತಿಂಡಿ ಇಲ್ಲ ಎನ್ನುವುದು ಅವರ ಕಾನೂನು. ಇವತ್ತಿಗೂ ವಾದ್ಯ ಸುಮ್ಮನಿರುವಾಗ ನನ್ನ ತುಟಿ ಕೊಂಕಣಿಯಲ್ಲಿ ಏಕ್, ದೋನ್, ತೀನ್, ಚಾರ್ ಎಣಿಸುತ್ತದೆ.

ಆ ಸಂಜೆ ಮೂರು ಸಲ ಬಾರಿಸಿದೆವು. ಮೂರು ಸಲವೂ ಮನೆಯಾತ ಮೂರು ಮಾತ್ರೆ ಮುಗಿದದ್ದೇ ಚೆಲ್ಲೋ ಬಾರಿಸುತ್ತ ನುಗ್ಗಿದ. ವಿಮಾನಗಳು ಇಳಿಯುವುದು ಆ ಮನೆಯ ಮೇಲಿನಿಂದಲೇ. ಮೌನದಲ್ಲಿ ಅವುಗಳ ಸದ್ದು ಕೇಳಿದರೆ ಆತನಿಗೆ ತಾಳ್ಮೆ ಉಳಿಯುತ್ತಿರಲಿಲ್ಲ. ಆದರೆ ತಪ್ಪು ಬಿದ್ದದ್ದು ನನ್ನ ತಲೆಗೆ. ಆತ ಕಮಾನು ಕೆಳಗಿಟ್ಟು ಇಂಗ್ಲಿಷಿನಲ್ಲಿ, ಬಹಳ ಮರ್ಯಾದೆಯಿಂದಲೇ ಹೇಳಿದ. ಇದು ಮಂಜಿನಂಥ ಸಂಗೀತ, ಇದಕ್ಕೆ ಆಫೀಸಿನ ಶಿಸ್ತು ಹೊಂದುವುದಿಲ್ಲ. ನಿಮ್ಮ ತುಟಿ ಅಲ್ಲಾಡುವುದು ಎಲ್ಲರಿಗೂ ಕಾಣುತ್ತದೆ. ತನಗೆ ಗೊತ್ತಿರುವ ಬ್ರಿಟಿಷ್ ಟೀಚರ್ ಒಬ್ಬರು ಪಿಟೀಲು ಬಾರಿಸುತ್ತಾರೆ, ಮುಂದಿನ ವಾರಕ್ಕೆ ಅವರನ್ನೇ ಕರೆಯೋಣವೇ?

ನಾನು ಪಿಟೀಲು ಕೆಳಗಿಡಲಿಲ್ಲ.

"ಕರೆಯಿರಿ. ಅದಕ್ಕೆ ಮೊದಲು ನಾಲ್ಕನೆಯ ಮಾತ್ರೆ ಎಲ್ಲಿ ಹೋಯಿತು ಅಂತ ಹೇಳಿ. ಬರೆದವನು ನಾಲ್ಕು ಬರೆದಿದ್ದಾನೆ. ಮೂರಕ್ಕೇ ನುಗ್ಗಿದರೆ ಅದು ಮಂಜಲ್ಲ, ಅವಸರ. ನಾನಂತೂ ಈ ಕುರ್ಚಿಯಿಂದ ಏಳುವುದಿಲ್ಲ."

ಆಗ ನಮ್ಮ ಕಡೆ ತಿರುಗಿ ಕೂತದ್ದು ಪಿಯಾನೋದ ಮಹಿಳೆ. ಮೂರು ತಿಂಗಳ ಅಭ್ಯಾಸದಲ್ಲಿ ನಮಸ್ಕಾರ ಬಿಟ್ಟು ಅವರ ಬಾಯಿಂದ ನಾನು ಹೆಚ್ಚೇನೂ ಕೇಳಿರಲಿಲ್ಲ. ತಮ್ಮ ತಂದೆ ಅಂಥ ಚಿತ್ರಗಳನ್ನೇ ಅಚ್ಚು ಹಾಕುತ್ತಿದ್ದವರು ಎಂದರು. ಒಂದೊಂದು ಬಣ್ಣಕ್ಕೆ ಒಂದೊಂದು ಹಲಗೆ. ಪ್ರತಿ ಹಲಗೆಯ ಮೂಲೆಯಲ್ಲೂ ಒಂದು ಕಚ್ಚು ಕೊರೆದಿರುತ್ತಾರೆ, ಪ್ರತಿ ಸಲವೂ ಕಾಗದದ ಮೂಲೆ ಅದಕ್ಕೇ ಸರಿಯಾಗಿ ಕೂರಬೇಕು.

"ಕಾಗದ ಕೂದಲೆಳೆಯಷ್ಟು ಜರುಗಿದರೆ ಮಳೆ ಕೊಡೆಯ ಒಳಗೆ ಬೀಳುತ್ತದೆ. ಮಂಜಿನ ಚಿತ್ರ ಇನ್ನೂ ಕಷ್ಟ," ಎಂದರು. ಆಮೇಲೆ ನನ್ನ ಕಡೆ ನೋಡದೆ, "ಇವರ ತುಟಿ ನೋಡಿಕೊಂಡೇ ನಾನು ಬಾರಿಸಲು ಶುರು ಮಾಡುವುದು. ಇವರಿಲ್ಲದಿದ್ದರೆ ನನಗೆ ಆಗುವುದಿಲ್ಲ."

ಮನೆಯಾತ ಕಮಾನು ಎತ್ತಿಕೊಂಡ. ನಾಲ್ಕನೆಯ ಸಲಕ್ಕೆ ನಾನು ಬೇಕೆಂದೇ ಬಾಯಿ ಬಿಟ್ಟು ಎಣಿಸಿದೆ. ಎರಡನೆಯ ಮೌನಕ್ಕೆ ಸರಿಯಾಗಿ ವಿಮಾನ ಬಂತು. ಏಕ್, ದೋನ್, ತೀನ್. ಆತನ ಭುಜ ಎದ್ದಿತು, ತಡೆದುಕೊಂಡ. ಚಾರ್. ವಿಮಾನದ ಸದ್ದು ಆ ಖಾಲಿ ಜಾಗವನ್ನು ದಾಟಿ ಹೋದಮೇಲೆ ಮೂವರೂ ಒಟ್ಟಿಗೆ ಬಾರಿಸತೊಡಗಿದೆವು.

ಮುಗಿದ ಮೇಲೆ ಬ್ರಿಟಿಷ್ ಟೀಚರ ಸುದ್ದಿ ಮತ್ತೆ ಬರಲಿಲ್ಲ. ಮನೆಯಾತ ತನ್ನ ಹಾಳೆಗಳನ್ನೂ ಒಂದು ಪೆನ್ಸಿಲನ್ನೂ ನನ್ನ ಮುಂದಿಟ್ಟು, ಎಲ್ಲೆಲ್ಲಿ ಎಣಿಸಬೇಕೋ ಗುರುತು ಹಾಕಿಕೊಡಿ ಎಂದ.

"ಖಲಾಸ್, ಇನ್ನು ಇವರಿಗೂ ಬೆಳಿಗ್ಗೆ ಐದಕ್ಕೆ ಗಂಟೆ ಹೊಡೆಯಿರಿ," ಎಂದಳು ನನ್ನ ಹೆಂಡತಿ.

ಆರು ಕಡೆಯೂ ಒಂದರಿಂದ ನಾಲ್ಕರವರೆಗೆ ದಪ್ಪಗೆ ಬರೆದೆ. ಆರೂ ಇಪ್ಪತ್ತಕ್ಕೆ ಕೊನೆಯ ನಾಲ್ಕನ್ನು ಬರೆದು, ಪೆನ್ಸಿಲ್ ಹಿಂದಕ್ಕೆ ಕೊಟ್ಟೆ.