ಚಿತ್ರವಾಗಿ ಹೋದ ನಾಮಲಿಂಗ

ಈಗ ನರಗುಂದದಲ್ಲಿ ಅಭಿಷೇಕ ನಡೆದರೆ, ಮಂಗಳಾರತಿ ಮುಗಿಯುವ ಮೊದಲೇ ಅದರ ಚಿತ್ರ ರೋಣದಲ್ಲಿ ಕುಳಿತ ನನ್ನ ಫೋನಿಗೆ ಬಂದಿರುತ್ತದೆ. ಕಣ್ಣಿಗೊತ್ತಿಕೊಂಡು ನಮಸ್ಕರಿಸುತ್ತೇನೆ. ಆದರೆ ಹೀಗೆ ಬರುವ ಒಂದೊಂದು ಚಿತ್ರವೂ ನನ್ನನ್ನು ಹಲವು ವರ್ಷಗಳ ಹಿಂದಿನ, ಗಜೇಂದ್ರಗಡದ ಒಂದು ಇಂಟರ್‌ನೆಟ್ ಅಂಗಡಿಗೆ ಎಳೆದೊಯ್ಯುತ್ತದೆ.

ನಮ್ಮ ತಂದೆಯವರು ಶಿವನಿಗೆ ತಾವೇ ಕಟ್ಟಿದ ನಾಮಾವಳಿಯನ್ನು ಲಿಂಗದ ಆಕಾರದಲ್ಲಿ ಬರೆದಿಟ್ಟಿದ್ದರು. ಕೆಳಗೆ ಪೀಠಕ್ಕೆ ಉದ್ದನೆಯ ನಾಮಗಳು, ಮೇಲೇರಿದಂತೆ ಚಿಕ್ಕವು, ನೆತ್ತಿಯಲ್ಲಿ ಪ್ರಣವ. ಬೇರೆ ಪ್ರತಿ ಇರಲಿಲ್ಲ. ಬಾಲ್ಯದಲ್ಲಿ ಅಕ್ಕನೂ ನಾನೂ ಸ್ನಾನ ಮಾಡಿ ಅದರ ಮುಂದೆ ಕುಳಿತು, ಪೀಠದಿಂದ ನೆತ್ತಿಯವರೆಗೆ ಬೆರಳಿಟ್ಟು ಓದಬೇಕಿತ್ತು, ಓದದೆ ಊಟವಿಲ್ಲ.

ಮದುವೆಯಾಗಿ ಮುಂಬಯಿ ಸೇರಿದ ಅಕ್ಕನಿಗೆ ಮುಪ್ಪಿನಲ್ಲಿ ಹೃದಯದ ಶಸ್ತ್ರಚಿಕಿತ್ಸೆ ಒದಗಿತು. ಅದರ ಹಿಂದಿನ ದಿನ, ಅಲ್ಲಿಯೇ ಹುಟ್ಟಿ ಬೆಳೆದ ಅವಳ ಮಗ ಫೋನ್ ಮಾಡಿದ. ಒಳಗೆ ಒಯ್ಯುವ ಮೊದಲು ಅಜ್ಜ ಬರೆದ ನಾಮಗಳನ್ನು ಒಮ್ಮೆ ಓದಬೇಕೆಂದು ಅವ್ವ ಹಟ ಹಿಡಿದಿದ್ದಾಳೆ, ಅರ್ಧ ಮರೆತುಹೋಗಿವೆಯಂತೆ. ತನ್ನ ಕಚೇರಿಗೆ ಇ-ಮೇಲ್ ಮಾಡಿದರೆ ಅಚ್ಚು ತೆಗೆದು ಒಯ್ಯುವೆನೆಂದ. ಫೋನಿನಲ್ಲಿ ಓದಿ ಕೇಳಿಸೋಣವೆಂದರೆ ಅವಳಿದ್ದ ಕೋಣೆಗೆ ಫೋನು ಬಿಡುತ್ತಿರಲಿಲ್ಲ. ಕಾಗದವನ್ನು ಮಡಿವಸ್ತ್ರದಲ್ಲಿ ಸುತ್ತಿಕೊಂಡು ಗಜೇಂದ್ರಗಡದ ಬಸ್ಸು ಹತ್ತಿದೆ.

ಅಂಗಡಿಯ ಯಜಮಾನ ಸಜ್ಜನ, ತುಸು ವಿನೋದಿ. ಚಿತ್ರದ ಫೈಲು ಬಹಳ ಭಾರ, ಲೈನು ಮೇಲಿಂದ ಮೇಲೆ ಕಡಿಯುತ್ತದೆ ಎಂದು ವಿವರಿಸಿದ. ಪರದೇಶದವರು ಚಿತ್ರವನ್ನೇ ಕಳಿಸದೆ, ಕೀಲಿಮಣೆಯ ಅಕ್ಷರ, ಚುಕ್ಕಿ, ಗೀಟುಗಳಿಂದಲೇ ಕಟ್ಟಿದ ಗುಲಾಬಿ, ಹಡಗು, ಬೆಕ್ಕುಗಳನ್ನು ತೋರಿಸಿದ. ಪದ್ಯವನ್ನು ಕಮಲದ ಎಸಳುಗಳಲ್ಲಿ ಹೊಂದಿಸುವ ಚಿತ್ರಬಂಧಗಳನ್ನು ಅಭ್ಯಾಸ ಮಾಡಿದ್ದ ನನಗೆ ಆ ವಿದ್ಯೆ ಪರಕೀಯವೆನಿಸಲಿಲ್ಲ.

“ಗುರುಗಳ, ಕನ್ನಡ ಅಕ್ಷರ ಆ ಕಡೆ ಕಂಪ್ಯೂಟರಿನ್ಯಾಗ ಮೂಡ್ತಾವೋ ಇಲ್ಲೋ ಖಾತ್ರಿ ಇಲ್ರಿ. ಈ ನಾಮಾ ಇಂಗ್ಲಿಷ್ ಅಕ್ಷರದಾಗ ಬರದು ಹಿಂಗ ಲಿಂಗಾ ಕಟ್ಟಿಕೊಡ್ತೀನಿ. ಭಾಳ ಹಗರ, ಲಗೂನ ಮುಟ್ಟತೈತ್ರಿ.”

“ಅಕ್ಕಗ ಇಂಗ್ಲಿಷ್ ಬರೂದಿಲ್ಲಪಾ,” ಎಂದೆ. “ಅಪ್ಪ ಬರದದ್ದು ಬರದಂಗನ ಹೋಗಬೇಕು.”

“ಶಿವಗ ಬರತೈತಿ ಬಿಡ್ರಿ,” ಎಂದು ನಕ್ಕ. ನಾನು ನಗಲಿಲ್ಲ.

ಅವನು ಕಾಗದವನ್ನು ಸ್ಕ್ಯಾನ್ ಮಾಡಿದ. ಕಳಿಸಿದಾಗಲೆಲ್ಲ ಲೈನು ಕಡಿಯಿತು. ಹೊತ್ತು ಇಳಿಯುತ್ತಿದ್ದಂತೆ ನನ್ನನ್ನು ಕೇಳಿಯೇ ಚಿತ್ರವನ್ನು ಕುಗ್ಗಿಸಿದ; ಮತ್ತೂ ಕುಗ್ಗಿಸಿದ. ಪರದೆಯ ಮೇಲೆ ಲಿಂಗವು ಲಿಂಗವಾಗಿಯೇ ಕಾಣುತ್ತಿತ್ತು. ಕಡೆಗೊಮ್ಮೆ ಹೋಯಿತು. ಕೈಮುಗಿದು ಹೊರಬಂದೆ.

ಅಕ್ಕ ಆ ಶಸ್ತ್ರಚಿಕಿತ್ಸೆಯಿಂದ ಏಳಲಿಲ್ಲ.

ಕರ್ಮಗಳೆಲ್ಲ ಮುಗಿದ ಮೇಲೆ ಅವಳ ಮಗ ರೋಣಕ್ಕೆ ಬಂದು ಆ ಅಚ್ಚಿನ ಹಾಳೆಯನ್ನು ನನ್ನ ಮುಂದಿಟ್ಟ. ಆಕಾರ ಪೂರ್ಣವಾಗಿತ್ತು. ಒಳಗೆ ಒಂದು ಅಕ್ಷರವೂ ಉಳಿದಿರಲಿಲ್ಲ. ಕುಗ್ಗಿಸಿ ಕಳಿಸಿದ್ದಕ್ಕೆ ಬರೀ ಬೂದು ಬಣ್ಣದ ಚೌಕಗಳು. ಅವ್ವ ಕನ್ನಡಕ ಹಾಕಿ ನೋಡಿದಳಂತೆ, ತೆಗೆದು ನೋಡಿದಳಂತೆ. ಕೊನೆಗೆ ಹಾಳೆಯನ್ನು ಅವನ ಕೈಗೇ ಕೊಟ್ಟು ಓದೆಂದಳಂತೆ.

“ನನಗ ಕನ್ನಡ ಓದಾಕ ಬರಂಗಿಲ್ಲ, ಮಾಮಾ. ಬಂದಿದ್ರೂ ಅದರಾಗ ಓದೂದು ಏನಿತ್ತು?”

ಅಂಗಡಿಯವನು ಹೇಳಿದ ಉಪಾಯವನ್ನು ಅವನಿಗೆ ತಿಳಿಸಿದೆ. ಅವನು ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡ.

“ಇಂಗ್ಲಿಷ್ ಅಕ್ಷರದಾಗ ಬಂದಿದ್ರ ನಾನ ಓದಿ ಕೇಳಸ್ತಿದ್ದೆ.”

ಆ ಮಾತಿನಲ್ಲಿ ಆಕ್ಷೇಪವಿರಲಿಲ್ಲ. ಇದ್ದಿದ್ದರೆ ಸಹಿಸುವುದು ಸುಲಭವಾಗುತ್ತಿತ್ತೇನೋ. ಭಗವಂತನ ನಾಮ ಕಣ್ಣಿಗೆ ಮೊದಲೋ, ಕಿವಿಗೆ ಮೊದಲೋ? ಹುಡುಕಿದರೆ ಎರಡಕ್ಕೂ ಶಾಸ್ತ್ರಾಧಾರ ದೊರೆಯುತ್ತದೆ. ತಂದೆಯ ಕೈಬರಹಕ್ಕೆ ನಾನು ತೋರಿದ ನಿಷ್ಠೆ ಸುಳ್ಳಲ್ಲ. ಆದರೂ ಅಕ್ಕನ ಕಿವಿಗೆ ಒಂದು ನಾಮವೂ ಬೀಳಲಿಲ್ಲವೆಂಬುದಕ್ಕೆ ಯಾವ ಗ್ರಂಥದಲ್ಲಿಯೂ ನನಗೆ ಸಮಾಧಾನ ದೊರೆತಿಲ್ಲ.

ಅಂದು ಅಕ್ಕನ ಮಗ ಮೂಲ ಕಾಗದವನ್ನು ತರಲು ಹೇಳಿದ. ನಾನು ಪೀಠದಿಂದ ಓದುತ್ತ ಹೋದೆ. ಅವನು ಇಂಗ್ಲಿಷ್ ಅಕ್ಷರಗಳಲ್ಲಿ ಒಂದರ ಕೆಳಗೊಂದು ಬರೆದುಕೊಳ್ಳುತ್ತ ಹೋದ. ಲಿಂಗದ ಆಕಾರ ಅಲ್ಲಿ ಮೂಡಲಿಲ್ಲ. ನಾನು ತಡೆಯಲಿಲ್ಲ. ಬರೆದು ಮುಗಿಸಿ, ತನ್ನಷ್ಟಕ್ಕೆ ತಾನೇ ಗಟ್ಟಿಯಾಗಿ ಓದತೊಡಗಿದ. ಉಚ್ಚಾರ ಅಲ್ಲಲ್ಲಿ ತಪ್ಪುತ್ತಿತ್ತು. ನಾನು ತಿದ್ದದೆ ಕೇಳುತ್ತ ಕುಳಿತೆ.